ಗುದ್ದಿದ ಗಾಡಿ ಓಡಿಹೋದರೆ ಮುಂದೇನು?



ನಮ್ಮ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕಿನ ವ್ಯವಹಾರ ಇವುಗಳ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ರಸ್ತೆ ಅಪಘಾತದ ವಿಷಯ ಮಾತ್ರ ಬರುವುದೇ ಇಲ್ಲ. ಎಲ್ಲೋ ಯಾರಿಗೋ ಆದಾಗ "ಅಯ್ಯೋ ಪಾಪ" ಅಂದು ಸುಮ್ಮನಾಗುತ್ತೇವೆ. ಆದರೆ ಬೆಳಗಿನ ಜಾವ ಡೈರಿಗೆ ಹಾಲು ಹೊತ್ತು ರಸ್ತೆ ಬದಿಯಲ್ಲಿ ನಡೆಯುವವರು ನಾವೇ. ಸಂಜೆ ಕೂಲಿ ಮುಗಿಸಿ ಕತ್ತಲಲ್ಲಿ ಹೆದ್ದಾರಿ ದಾಟುವವರು ನಮ್ಮ ಮನೆಯವರೇ. ಗುದ್ದಿದ ಗಾಡಿ ನಿಲ್ಲದೆ ಓಡಿಹೋದರೆ ಪೆಟ್ಟು ಬೀಳುವುದು ಹೆಚ್ಚಾಗಿ ಇಂಥವರಿಗೇ.

ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಇಂಥ 67,387 ಅಪಘಾತಗಳು ನಡೆದವು, 30,486 ಜನ ಸತ್ತರು. ಅಂದರೆ ದಿನಕ್ಕೆ 80ಕ್ಕಿಂತ ಹೆಚ್ಚು ಜೀವ. ಇವರಿಗೆಂದೇ ಸರ್ಕಾರದ ಒಂದು ಪರಿಹಾರ ಯೋಜನೆ ಇದೆ. ಆದರೆ 2022-23ರಲ್ಲಿ ಇಡೀ ದೇಶದಿಂದ ಆ ಪರಿಹಾರಕ್ಕೆ ಬಂದ ಅರ್ಜಿಗಳು ಬರೀ 205. ಹಣ ಸಿಕ್ಕಿದ್ದು 95 ಅರ್ಜಿಗಳಿಗೆ. ಈ ಅಂಕಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಾಧೀಶರೇ ಕಳವಳಪಟ್ಟರು. ಉಳಿದವರು ಯಾಕೆ ಅರ್ಜಿ ಹಾಕಲಿಲ್ಲ? ಬಹಳಷ್ಟು ಜನರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಆದ್ದರಿಂದ ಈ ಸಲದ ಪತ್ರಿಕೆಯಲ್ಲಿ ಇದನ್ನೇ ಹಂತ ಹಂತವಾಗಿ ತಿಳಿದುಕೊಳ್ಳೋಣ.

ಮೊದಲ ಒಂದು ಗಂಟೆ

ಅಪಘಾತವಾದ ಕೂಡಲೇ ಜನ ಸೇರುತ್ತಾರೆ. ಅರ್ಧ ಜನ ಗಾಡಿ ಹೋದ ದಿಕ್ಕು ನೋಡುತ್ತಾರೆ, ಅರ್ಧ ಜನ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಬಿದ್ದವರ ಹತ್ತಿರ ಹೋಗುವವರು ಕಡಿಮೆ. ನೀವು ಅಲ್ಲಿದ್ದರೆ ಮೊದಲು 108ಕ್ಕೆ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ 2008ರಿಂದ ಈ ಆಂಬುಲೆನ್ಸ್ ಸೇವೆ ಇದೆ. ಪೊಲೀಸರಿಗೆ 112. ರಕ್ತ ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಒತ್ತಿ ಹಿಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಕತ್ತು, ಬೆನ್ನಿಗೆ ಪೆಟ್ಟಾದ ಹಾಗೆ ಕಂಡರೆ ಕೈಕಾಲು ಹಿಡಿದು ಎತ್ತಿ ಎಳೆಯಬೇಡಿ.

ಜೊತೆಗೆ ಇನ್ನೊಂದು ಕೆಲಸ. ಗಾಡಿಯ ನಂಬರ್ ಪೂರ್ತಿ ಸಿಗದಿದ್ದರೂ ಕಂಡಷ್ಟನ್ನು ಕೂಡಲೇ ಬರೆದಿಡಿ. ಕೆಎ-19 ಅಂತ ಕಂಡರೂ ಸಾಕು, ಅದು ಮಂಗಳೂರಿನಲ್ಲಿ ನೋಂದಣಿಯಾದ ಗಾಡಿ ಅಂತ ತಿಳಿಯುತ್ತದೆ. ಲಾರಿಯೋ ಕಾರೋ, ಬಣ್ಣ ಯಾವುದು, ಎಷ್ಟು ಹೊತ್ತಿಗೆ, ಯಾವ ಕಡೆ ಹೋಯಿತು, ಇವನ್ನೂ ಬರೆಯಿರಿ. ರಸ್ತೆಯಲ್ಲಿ ಬಿದ್ದ ಗಾಜಿನ ಚೂರು, ದೀಪದ ತುಂಡು, ಬಂಪರ್ ತುಂಡು ಇದ್ದರೆ ಮುಟ್ಟಬೇಡಿ, ಗುಡಿಸಬೇಡಿ. ಅದರಿಂದಲೇ ಗಾಡಿ ಪತ್ತೆಯಾಗುವುದುಂಟು. ಗಾಯಾಳುವಿನ ಬಟ್ಟೆಯನ್ನು ಒಗೆಯದೆ ಹಾಗೇ ಇಟ್ಟು ಪೊಲೀಸರಿಗೆ ಕೊಡಿ. ನೋಡಿದವರ ಹೆಸರು, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ.

"ಸಹಾಯ ಮಾಡಿದರೆ ಕೋರ್ಟಿಗೆ ಅಲೆಸ್ತಾರೆ" ಎಂಬ ಭಯ

ಈ ಮಾತನ್ನು ನಾವು ಎಲ್ಲ ಊರಲ್ಲೂ ಕೇಳುತ್ತೇವೆ. ಈ ಭಯ ಇನ್ನು ಬೇಕಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಆದೇಶ ಕೊಟ್ಟಿತು. ನಮ್ಮ ಕರ್ನಾಟಕವು ಅದೇ ವರ್ಷ ಇದಕ್ಕೆಂದೇ ಕಾನೂನು ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಹೊಸ ಕಲಂ ಸೇರಿತು. ಇವೆಲ್ಲದರ ಸಾರ ಇಷ್ಟೇ: ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡು ಅಂತ ಒತ್ತಾಯ ಮಾಡುವಂತಿಲ್ಲ, ಆಸ್ಪತ್ರೆಯವರು ಅವರಿಂದ ಹಣ ಕೇಳುವಂತಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟ.

ಕಾನೂನಿನಲ್ಲಿ ಇಂಥವರಿಗೆ 'ಗುಡ್ ಸಮಾರಿಟನ್' ಅಂತ ಹೆಸರು. ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ ಆ ಸಮಾರಿಯದವನ ಕಥೆಯನ್ನು ಸುವಾರ್ತೆಯಲ್ಲಿ ಕೇಳಿದ್ದೇವೆ. ಆ ಹೆಸರೇ ಇವತ್ತು ಕಾನೂನಿಗೂ ಬಂದಿದೆ. ಗಂಭೀರ ಗಾಯಾಳುವನ್ನು ಮೊದಲ ಗಂಟೆಯಲ್ಲಿ ಆಸ್ಪತ್ರೆಗೆ ಸೇರಿಸಿ ಉಳಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಆರಂಭಿಸಿತು, 2025ರಲ್ಲಿ ಅದನ್ನು 25,000 ರೂಪಾಯಿಗೆ ಏರಿಸಿತು.

ಆಸ್ಪತ್ರೆಯಲ್ಲಿ

"ಮೊದಲು ಪೊಲೀಸ್ ಕಂಪ್ಲೇಂಟ್ ತನ್ನಿ, ಆಮೇಲೆ ಚಿಕಿತ್ಸೆ" ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ. ಸರ್ಕಾರಿಯಿರಲಿ, ಖಾಸಗಿಯಿರಲಿ, ಜೀವ ಉಳಿಸುವುದು ಮೊದಲು, ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟು 1989ರಲ್ಲೇ ತೀರ್ಪು ಕೊಟ್ಟಿದೆ.

ಖರ್ಚಿನ ಬಗ್ಗೆಯೂ ಈಗ ಒಂದು ಆಸರೆ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯ ಪ್ರಕಾರ, ರಸ್ತೆ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆಗಲಿ, ಅಪಘಾತವಾದ ದಿನದಿಂದ 7 ದಿನಗಳವರೆಗೆ 1,50,000 ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಗುದ್ದಿದ ಗಾಡಿ ಯಾವುದು ಅಂತ ಗೊತ್ತಿಲ್ಲದಿದ್ದರೂ ಇದು ಅನ್ವಯಿಸುತ್ತದೆ. ಆದರೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ. ಬೇರೆ ಆಸ್ಪತ್ರೆಯಾದರೆ ಪರಿಸ್ಥಿತಿ ಸ್ಥಿರವಾಗುವ ತನಕದ ಚಿಕಿತ್ಸೆಗೆ ಮಾತ್ರ. ಅದಕ್ಕೇ ದಾಖಲು ಮಾಡುವಾಗ "ಇದು ರಸ್ತೆ ಅಪಘಾತ, ನಗದುರಹಿತ ಯೋಜನೆಯಲ್ಲಿ ಸೇರಿಸಿ" ಅಂತ ಬಾಯಿಬಿಟ್ಟು ಕೇಳಿ. ಕೇಳದೆ ಕೊಡುವವರು ಕಡಿಮೆ.

ಇನ್ನೊಂದು ಮುಖ್ಯ ವಿಷಯ. ಕೆಲವರು ಪೊಲೀಸರ ರಗಳೆ ಬೇಡ ಅಂತ ಆಸ್ಪತ್ರೆಯಲ್ಲಿ "ಮೆಟ್ಟಿಲಿಂದ ಬಿದ್ದಿದ್ದು" "ದನ ಹಾಯ್ದಿದ್ದು" ಅಂತ ಹೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರು ಮೊದಲ ದಿನ ಚೀಟಿಯಲ್ಲಿ ಏನು ಬರೆದರೋ ಅದೇ ಕೊನೆಯ ತನಕ ಸಾಕ್ಷಿ. "ಅಪರಿಚಿತ ವಾಹನ ಡಿಕ್ಕಿ" ಅಂತ ಅಲ್ಲಿ ದಾಖಲಾಗಬೇಕು, ಎಂ.ಎಲ್.ಸಿ. ಮಾಡಿಸಬೇಕು. ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಬಿಲ್ಲು, ಔಷಧಿ ರಸೀದಿ ಒಂದನ್ನೂ ಬಿಸಾಡಬೇಡಿ.

ಪೊಲೀಸ್ ಠಾಣೆಯಲ್ಲಿ

ಗಾಡಿ ನಂಬರ್ ಗೊತ್ತಿಲ್ಲದಿದ್ದರೂ ದೂರು ಕೊಡಬಹುದು, ಕೊಡಲೇಬೇಕು. ಎಫ್.ಐ.ಆರ್.ನಲ್ಲಿ 'ಅಪರಿಚಿತ ವಾಹನ' ಅಂತ ಬರೆಯುತ್ತಾರೆ. "ಇದು ನಮ್ಮ ಠಾಣೆ ಸರಹದ್ದಲ್ಲ" ಅಂತ ವಾಪಸು ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದಕ್ಕೆ ಝೀರೋ ಎಫ್.ಐ.ಆರ್. ಅನ್ನುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿ ಇದು ಸ್ಪಷ್ಟವಾಗಿದೆ. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ದೂರು ಕೊಡುವಾಗ ದಾರಿಯಲ್ಲಿ ಯಾವ ಪೆಟ್ರೋಲ್ ಬಂಕ್, ಬೇಕರಿ, ಬ್ಯಾಂಕ್, ಟೋಲ್ ಗೇಟ್ ಇದೆ ಅಂತ ಹೇಳಿ. ಅಲ್ಲಿನ ಸಿ.ಸಿ. ಕ್ಯಾಮೆರಾದಲ್ಲಿ ಗಾಡಿ ಕಂಡಿರಬಹುದು. ಈ ಚಿತ್ರಗಳು ಕೆಲವು ದಿನಗಳಲ್ಲಿ ತಾವಾಗೇ ಅಳಿಸಿಹೋಗುತ್ತವೆ. ಹಾಗಾಗಿ ತಿಥಿ, ಕಾರ್ಯ ಎಲ್ಲ ಮುಗಿಸಿ ಠಾಣೆಗೆ ಹೋಗೋಣ ಅಂತ ಕೂತರೆ ಆಗುವುದಿಲ್ಲ.

ಪೋಸ್ಟ್ ಮಾರ್ಟಂ ಬೇಡ ಅನ್ನಬೇಡಿ

ಇದನ್ನು ಬರೆಯುವುದು ನಮಗೂ ಕಷ್ಟ, ಓದುವುದು ನಿಮಗೂ ಕಷ್ಟ. ಆದರೂ ಹೇಳಲೇಬೇಕು. ನಮ್ಮ ಸಂಘವೊಂದರ ಸದಸ್ಯೆಯ ಗಂಡ ಸಂತೆ ಮುಗಿಸಿ ಸೈಕಲ್ಲಿನಲ್ಲಿ ಬರುವಾಗ ಯಾವುದೋ ಗಾಡಿ ಗುದ್ದಿ ಹೋಯಿತು. ಮನೆಗೆ ತಂದ ಮೇಲೆ ಜೀವ ಹೋಯಿತು. "ಹೋದವನ ಮೈಯನ್ನು ಯಾಕೆ ಕೊಯ್ಯಿಸಬೇಕು" ಅಂತ ಹಿರಿಯರು ಅಂದರು. ಮಾರನೆಯ ದಿನವೇ ಮಣ್ಣು ಮಾಡಿದರು. ದೂರಿಲ್ಲ, ಪೋಸ್ಟ್ ಮಾರ್ಟಂ ಇಲ್ಲ. ಆರು ತಿಂಗಳ ಮೇಲೆ ಪರಿಹಾರ ಇದೆ ಅಂತ ಯಾರೋ ಹೇಳಿದಾಗ ಆಕೆಯ ಕೈಯಲ್ಲಿ ಅಪಘಾತ ನಡೆದಿದ್ದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಆಕೆ ಕಚೇರಿ ಕಚೇರಿ ಅಲೆದಳು, ಸಿಕ್ಕಿದ್ದು ಏನೂ ಇಲ್ಲ.

ಹಿರಿಯರು ಪ್ರೀತಿಯಿಂದಲೇ ಹಾಗೆ ಹೇಳಿದ್ದರು. ಆದರೆ ಆ ಒಂದು ಮಾತಿನ ಬೆಲೆ ತೆತ್ತದ್ದು ಹೆಂಡತಿ ಮಕ್ಕಳು. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ, ಅಪಘಾತದ ಗಾಯದಿಂದ ಜೀವ ಹೋದರೆ ಮೊದಲು ಪೊಲೀಸರಿಗೆ ತಿಳಿಸಿ. ಶವ ಮಹಜರು, ಪೋಸ್ಟ್ ಮಾರ್ಟಂ ಆದ ಮೇಲೇ ಮಣ್ಣು ಮಾಡಿ.

ಗಾಡಿ ಸಿಗದಿದ್ದರೆ

ಪೊಲೀಸರು ಹುಡುಕಿಯೂ ಗಾಡಿ ಪತ್ತೆಯಾಗದಿದ್ದರೆ ಕೊನೆಗೆ ಕೋರ್ಟಿಗೆ 'ಸಿ' ರಿಪೋರ್ಟ್ ಹಾಕುತ್ತಾರೆ. ಪತ್ತೆಯಾಗಿಲ್ಲ ಅಂತ ಅದರ ಅರ್ಥ. "ಕೇಸು ಬಿದ್ದುಹೋಯಿತು, ಇನ್ನೇನೂ ಇಲ್ಲ" ಅಂತ ಎಷ್ಟೋ ಮನೆಯವರು ಅಲ್ಲಿಗೇ ಕೈ ಬಿಡುತ್ತಾರೆ. ಆದರೆ ನಾವು ಮೇಲೆ ಹೇಳಿದ ಪರಿಹಾರ ಇರುವುದೇ ಇಂಥವರಿಗಾಗಿ.

ಮೋಟಾರು ವಾಹನ ಕಾಯ್ದೆಯ 161ನೇ ಕಲಂನಲ್ಲಿ ಇದು ಇದೆ. 1989ರ ಹಳೆಯ ಯೋಜನೆಯಲ್ಲಿ ಕೊನೆಗೆ ಸಿಗುತ್ತಿದ್ದದ್ದು ಸಾವಿಗೆ 25,000 ರೂಪಾಯಿ, ತೀವ್ರ ಗಾಯಕ್ಕೆ 12,500 ರೂಪಾಯಿ. 2022ರ ಏಪ್ರಿಲ್ 1ರಿಂದ ಹೊಸ ಯೋಜನೆ ಬಂದು ಸಾವಿಗೆ 2,00,000 ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಆಗಿದೆ. ಮೂಳೆ ಮುರಿತ, ಕಣ್ಣು ಕಿವಿ ಹೋಗುವುದು, ಕೈಕಾಲು ಊನವಾಗುವುದು ತೀವ್ರ ಗಾಯದಲ್ಲಿ ಸೇರುತ್ತವೆ. ಕೈಯ ಮೂಳೆ ಮುರಿದರೂ ಅರ್ಜಿ ಹಾಕಬಹುದು ಅನ್ನುವುದು ನೆನಪಿರಲಿ.

ಅರ್ಜಿ ಎಲ್ಲಿ? ಅಪಘಾತ ನಡೆದ ತಾಲ್ಲೂಕಿನ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಇದಕ್ಕೆ ವಕೀಲರೇ ಬೇಕು ಅಂತಿಲ್ಲ. ಅರ್ಜಿ ನಮೂನೆಯ ಜೊತೆ ಇವು ಬೇಕು:

- ಎಫ್.ಐ.ಆರ್. ಪ್ರತಿ
- ಸಾವಾಗಿದ್ದರೆ ಪೋಸ್ಟ್ ಮಾರ್ಟಂ ವರದಿ, ಮರಣ ಪತ್ರ. ಗಾಯವಾಗಿದ್ದರೆ ಡಾಕ್ಟರ ಗಾಯದ ವರದಿ
- ಗಾಯಗೊಂಡವರ ಅಥವಾ ತೀರಿಹೋದವರ, ಮತ್ತು ಅರ್ಜಿದಾರರ ಗುರುತು, ವಿಳಾಸದ ಪುರಾವೆ
- ಅರ್ಜಿದಾರರ ಬ್ಯಾಂಕ್ ಪಾಸ್‌ಬುಕ್ ಪ್ರತಿ
- ಆಸ್ಪತ್ರೆಯ ನಗದುರಹಿತ ಚಿಕಿತ್ಸೆಯ ಬಿಲ್ ಇದ್ದರೆ ಅದರ ಪ್ರತಿ
- ಮುಂದೆ ಗಾಡಿ ಸಿಕ್ಕಿ ಬೇರೆ ಪರಿಹಾರ ಬಂದರೆ ಈ ಹಣ ಹಿಂದಿರುಗಿಸುತ್ತೇವೆ ಎಂಬ ಮುಚ್ಚಳಿಕೆ

ತಹಶೀಲ್ದಾರರು ವಿಚಾರಣೆ ಮಾಡಿ ಒಂದು ತಿಂಗಳಲ್ಲಿ ಜಿಲ್ಲಾಧಿಕಾರಿಗಳಿಗೆ ವರದಿ ಕಳಿಸಬೇಕು. ಜಿಲ್ಲಾಧಿಕಾರಿಗಳು 15 ದಿನಗಳಲ್ಲಿ ಮಂಜೂರು ಮಾಡಬೇಕು. ಆಮೇಲೆ 15 ದಿನಗಳಲ್ಲಿ ಹಣ ಜನರಲ್ ಇನ್ಶೂರೆನ್ಸ್ ಕೌನ್ಸಿಲ್‌ನಿಂದ ನೇರ ಬ್ಯಾಂಕ್ ಖಾತೆಗೆ ಬರಬೇಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದು ತಾರೀಕು ಗುರುತು ಮಾಡಿಟ್ಟುಕೊಳ್ಳಿ. ಎರಡು ತಿಂಗಳು ದಾಟಿದರೆ ಹೋಗಿ ಕೇಳುವ ಹಕ್ಕು ನಮಗಿದೆ.

2024ರ ಜನವರಿ 12ರಂದು ಸುಪ್ರೀಂ ಕೋರ್ಟು ಇನ್ನೊಂದು ಒಳ್ಳೆಯ ಆದೇಶ ಕೊಟ್ಟಿದೆ. ಕೇಸು ದಾಖಲಾಗಿ ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ, ಪೊಲೀಸರೇ ಗಾಯಾಳುವಿಗೆ ಅಥವಾ ಮನೆಯವರಿಗೆ "ನೀವು ಈ ಪರಿಹಾರ ಕೇಳಬಹುದು" ಅಂತ ಬರವಣಿಗೆಯಲ್ಲಿ ತಿಳಿಸಬೇಕು, ವಿಚಾರಣಾಧಿಕಾರಿಗೂ ವರದಿ ಕಳಿಸಬೇಕು. ಆಮೇಲೂ ಅರ್ಜಿ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಅಂಥವರನ್ನು ಸಂಪರ್ಕಿಸಿ ನೆರವಾಗಬೇಕು. ಆ ಪತ್ರ ಬಾರದಿದ್ದರೆ ಠಾಣೆಗೆ ಹೋಗಿ ಕೇಳಿ.

ಗಾಡಿ ಸಿಕ್ಕರೆ

ಆಗ ದಾರಿ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬೇಕು. ಅಪಘಾತ ನಡೆದ ಊರಿನಲ್ಲೇ ಆಗಬೇಕೆಂದಿಲ್ಲ, ನಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ತಿದ್ದುಪಡಿಯಾದ ಕಾಯ್ದೆ ಇದಕ್ಕೆ ಆರು ತಿಂಗಳ ಗಡುವು ಹಾಕಿದೆ. ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಲು ಅವಕಾಶವಿದೆ. ಚಾಲಕನ ತಪ್ಪು ತೋರಿಸಿದರೆ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ಇದಕ್ಕಿಂತ ಹೆಚ್ಚೂ ಸಿಗಬಹುದು.

ತೀರಿಹೋದವಳು ಮನೆಯಲ್ಲೇ ಇದ್ದ ಹೆಂಗಸಾದರೆ? "ಅವಳಿಗೇನು ಸಂಪಾದನೆ ಇತ್ತು" ಅಂತ ವಿಮೆ ಕಂಪನಿಯವರು ಕೇಳುತ್ತಾರೆ. ಅಡುಗೆ, ಮಕ್ಕಳು, ಮುದುಕರ ಸೇವೆ, ದನ ಕರು, ಹೊಲದ ಕೆಲಸ, ಇದಕ್ಕೆಲ್ಲ ಬೆಲೆ ಇದೆ, ಅದನ್ನು ಆದಾಯವೆಂದೇ ಲೆಕ್ಕ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟು 2021ರ ಜನವರಿಯ ತೀರ್ಪಿನಲ್ಲಿ ಒತ್ತಿ ಹೇಳಿದೆ. ನಾವು ಸಂಘದಲ್ಲಿ ಇಷ್ಟು ವರ್ಷ ಹೇಳಿಕೊಂಡು ಬಂದದ್ದನ್ನೇ ಕೋರ್ಟೂ ಹೇಳಿದೆ.

ಎರಡು ಎಚ್ಚರಿಕೆ. ಒಂದು, ಗಾಡಿಯವರು ಸಿಕ್ಕಾಗ ಊರಿನ ನಾಲ್ಕು ಜನ ಕೂತು "ಹತ್ತಿಪ್ಪತ್ತು ಸಾವಿರ ಕೊಡಿಸ್ತೀವಿ, ಕೇಸು ಬೇಡ" ಅಂತ ರಾಜಿಗೆ ಕರೆಯುತ್ತಾರೆ. ಸಂಕಟದಲ್ಲಿ ಇರುವಾಗ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಎರಡು, ಗಾಡಿ ಸಿಗದಿದ್ದಾಗ "ಯಾರದಾದರೂ ಗಾಡಿ ನಂಬರ್ ಹಾಕಿ ದೊಡ್ಡ ದುಡ್ಡು ಮಾಡಿಕೊಡ್ತೀನಿ" ಅಂತ ದಲ್ಲಾಳಿಗಳು ಬರುತ್ತಾರೆ. ಅದು ಸುಳ್ಳು, ಮೋಸ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವರು ಸಹಿ ಹಾಕಿದ ನಾವೇ. ನ್ಯಾಯವಾಗಿ ಬರುವ 2 ಲಕ್ಷವೂ ಅದರಿಂದ ಕೈತಪ್ಪುತ್ತದೆ.

ನಮ್ಮ ಮನೆಯಲ್ಲೂ ಡ್ರೈವರುಗಳಿದ್ದಾರೆ

ನಮ್ಮ ಅಣ್ಣ ತಮ್ಮಂದಿರು, ಮಕ್ಕಳು ಆಟೋ, ಟೆಂಪೋ, ಲಾರಿ ಓಡಿಸುತ್ತಾರೆ. ಅವರಿಗೂ ಇದನ್ನು ಹೇಳಿ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಅಂತ 134ನೇ ಕಲಂ ಹೇಳುತ್ತದೆ. ಜನ ಹೊಡೆಯುತ್ತಾರೆ ಎಂಬ ಭಯ ನಿಜವೇ. ಹಾಗೆ ಜನ ರೊಚ್ಚಿಗೆದ್ದಿದ್ದರೆ ಅಲ್ಲಿ ನಿಲ್ಲಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು. ತಿಳಿಸದಿದ್ದರೆ 6 ತಿಂಗಳ ತನಕ ಸಜೆ, 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಅಜಾಗರೂಕತೆಯಿಂದ ಸಾವು ಉಂಟುಮಾಡಿದರೆ ಮೊದಲು 2 ವರ್ಷ ತನಕ ಸಜೆ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷ ತನಕ ಆಗಿದೆ. ಸಾವಾದ ಮೇಲೆ ತಿಳಿಸದೆ ಓಡಿಹೋದವರಿಗೆ 10 ವರ್ಷ ತನಕ ಸಜೆ ಎಂಬ ಉಪಕಲಂ ಕೂಡ ಬರೆದಿದ್ದರು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಹಾಗಾಗಿ ಜುಲೈಯಲ್ಲಿ ಉಳಿದದ್ದೆಲ್ಲ ಜಾರಿಗೆ ಬಂದಾಗ ಆ ಒಂದನ್ನು ತಡೆಹಿಡಿದರು. ಅದೇನೇ ಇರಲಿ, ಓಡಿಹೋದ ಚಾಲಕ ಆಸ್ಪತ್ರೆಗೆ ಸೇರಿಸಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು. ಈ ಮಾತನ್ನು ಮನೆಯ ಗಂಡುಮಕ್ಕಳಿಗೆ ಊಟಕ್ಕೆ ಕೂತಾಗ ಹೇಳಬೇಕಾದವರು ನಾವು.

ಇನ್ನೂ ಎರಡು ಆಸರೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಬಂತು. 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ. ಗುದ್ದಿದ ಗಾಡಿ ಸಿಕ್ಕಿತೋ ಇಲ್ಲವೋ ಎಂಬ ಪ್ರಶ್ನೆ ಇದಕ್ಕಿಲ್ಲ. ಪಾಸ್‌ಬುಕ್ಕಿನಲ್ಲಿ ಮೇ, ಜೂನ್ ಹೊತ್ತಿಗೆ 20 ರೂಪಾಯಿ ಕಡಿತವಾಗಿದೆಯೇ ಅಂತ ಈವತ್ತೇ ನೋಡಿ. ಖಾತೆಯಲ್ಲಿ ಹಣವಿಲ್ಲದೆ ಕಡಿತವಾಗದಿದ್ದರೆ ವಿಮೆ ಇಲ್ಲ. ನಾಮಿನಿ ಯಾರು ಅಂತಲೂ ನೋಡಿ.

ಎರಡನೆಯದು ಉಚಿತ ಕಾನೂನು ನೆರವು. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ ಇದೆ. ಫೋನ್ 15100.

ಸಂಘ ಏನು ಮಾಡಬಹುದು?

ಗಂಡನನ್ನು ಕಳೆದುಕೊಂಡವಳು ಆ ದಿನಗಳಲ್ಲಿ ಠಾಣೆ, ಆಸ್ಪತ್ರೆ ಅಂತ ಓಡಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಆಕೆಯ ಪರವಾಗಿ ಯಾರೋ ಓಡಾಡುತ್ತಾರೆ, ಕಾಗದಗಳು ಅವರ ಕೈಯಲ್ಲಿ ಉಳಿಯುತ್ತವೆ, ಕೊನೆಗೆ ಹಣವೂ ಅವರ ಖಾತೆಗೆ ಹೋಗುವುದುಂಟು. ಆದ್ದರಿಂದ ಸಂಘದ ಇಬ್ಬರು ಆಕೆಯ ಜೊತೆಗೆ ನಿಲ್ಲಲಿ. ಎಲ್ಲ ಕಾಗದದ ಒಂದು ಜೆರಾಕ್ಸ್ ಪ್ರತಿ ಆಕೆಯ ಬಳಿಯೇ ಇರಲಿ. ಅರ್ಜಿಯಲ್ಲಿ ಆಕೆಯ ಸ್ವಂತ ಖಾತೆಯ ನಂಬರೇ ಇರಲಿ. ಆ ಕೆಲವು ತಿಂಗಳು ಸಾಲದ ಕಂತಿಗೆ ಬಿಡುವು ಕೊಡುವ ಠರಾವು ಮಾಡಿ. ಬಸ್ ಖರ್ಚಿಗೆ ಸಂಘದ ನಿಧಿಯಿಂದ ಸ್ವಲ್ಪ ಕೊಡಬಹುದು. ಪರಿಹಾರ ಬಂದ ದಿನವೇ ಸಂಘದ ಸಾಲಕ್ಕೆ ಮುರಿದುಕೊಳ್ಳಬೇಡಿ. ಮಕ್ಕಳ ಹೆಸರಿಗೆ ಒಂದು ಭಾಗ ಠೇವಣಿ ಇಡುವಂತೆ ಆಕೆಯ ಜೊತೆ ಕೂತು ಮಾತಾಡಿ.

ಮುಂದಿನ ಸಭೆಯಲ್ಲಿ ಚರ್ಚೆಗೆ:

1. ಕಳೆದ ಮೂರು ವರ್ಷಗಳಲ್ಲಿ ನಮ್ಮ ಊರಿನಲ್ಲಿ ಗುದ್ದಿ ಓಡಿಹೋದ ಅಪಘಾತ ನಡೆದಿದೆಯೇ? ಆ ಮನೆಯವರು ಅರ್ಜಿ ಹಾಕಿದ್ದಾರೆಯೇ? ಇಲ್ಲದಿದ್ದರೆ ಎಫ್.ಐ.ಆರ್. ಪ್ರತಿಯೊಂದಿಗೆ ಅವರನ್ನು ತಹಶೀಲ್ದಾರರ ಕಚೇರಿಗೆ ಯಾರು ಕರೆದುಕೊಂಡು ಹೋಗುತ್ತೀರಿ?
2. ನಮ್ಮ ಸದಸ್ಯೆಯರಲ್ಲಿ ಎಷ್ಟು ಜನರಿಗೆ 20 ರೂಪಾಯಿಯ ವಿಮೆ ಇದೆ?
3. ನಮ್ಮ ರಸ್ತೆಯಲ್ಲಿ ಕತ್ತಲೆಯಿರುವ, ಅಪಾಯದ ಜಾಗ ಯಾವುದು? ದೀಪ, ಉಬ್ಬು ಹಾಕಿಸಲು ಗ್ರಾಮ ಸಭೆಯಲ್ಲಿ ಯಾರು ಮಾತಾಡುತ್ತೀರಿ?

ಮೊದಲ ಪ್ರಶ್ನೆಗೆ ಸಿಕ್ಕಿದ ಹೆಸರುಗಳನ್ನು ಠರಾವು ಪುಸ್ತಕದಲ್ಲಿ ಬರೆದು ನಿಮ್ಮ ವಲಯದ ಕಾರ್ಯಕರ್ತೆಯ ಕೈಗೆ ಕೊಡಿ. ಅರ್ಜಿ ತುಂಬಲು ನಾವು ಜೊತೆಗಿರುತ್ತೇವೆ.